ಗಂಧದ ಗುಣ, ಕೊಡಲಿಯ ಧರ್ಮ

ಹದಿನಾರು ಉಪಚಾರಗಳನ್ನು ಮಾಡಲು ಸಮಯವಿಲ್ಲದವರಿಗೆ ನಮ್ಮ ಹಿರಿಯರು ಐದು ಉಪಚಾರಗಳ ಪೂಜೆಯನ್ನು ಹೇಳಿಕೊಟ್ಟಿದ್ದಾರೆ: ಗಂಧ, ಪುಷ್ಪ, ಧೂಪ, ದೀಪ, ನೈವೇದ್ಯ. ಈ ಐದರಲ್ಲಿ ಮೊದಲ ಮೂರೂ ಪರಿಮಳಕ್ಕೆ ಸಂಬಂಧಿಸಿದವು. ಪಂಚಭೂತಗಳಲ್ಲಿ ಪೃಥ್ವಿಯ ವಿಶೇಷ ಗುಣವೇ ಗಂಧ ಎಂದು ನಮ್ಮ ಶಾಸ್ತ್ರಕಾರರು ಹೇಳುತ್ತಾರೆ. ಅಂದರೆ ದೇವರಿಗೆ ಗಂಧವನ್ನು ಅರ್ಪಿಸುವಾಗ ನಾವು ಭೂಮಿಯನ್ನೇ ಅರ್ಪಿಸುತ್ತಿದ್ದೇವೆ ಎಂದು ಭಾವ. ಇಂಗ್ಲಿಷಿನ ಪರ್ಫ್ಯೂಮ್ ಎಂಬ ಪದವೂ ಹುಟ್ಟಿದ್ದು 'ಹೊಗೆಯ ಮೂಲಕ' ಎಂಬರ್ಥದ ಲ್ಯಾಟಿನ್ ಮಾತಿನಿಂದ. ಪಶ್ಚಿಮದವರ ಸುಗಂಧಕ್ಕೂ ನಮ್ಮ ಸುಗಂಧಕ್ಕೂ ಧೂಪದ ಹೊಗೆಯೇ ತವರು ಎನ್ನಬಹುದು.

ಶ್ರೀಗಂಧದ ಬಗ್ಗೆ ನಾವೆಲ್ಲರೂ ಚಿಕ್ಕಂದಿನಿಂದ ಕೇಳಿದ ಒಂದು ಮಾತಿದೆ. ತನ್ನನ್ನು ಕಡಿಯುವ ಕೊಡಲಿಗೂ ಗಂಧದ ಮರ ಪರಿಮಳವನ್ನೇ ಕೊಡುತ್ತದಂತೆ. ಸಜ್ಜನರೂ ಹಾಗಿರಬೇಕು ಎಂದು ಹೇಳುವುದಕ್ಕೆ ಮೇಷ್ಟ್ರುಗಳು, ಹರಿಕಥೆಯ ದಾಸರು, ಮನೆಯ ಅಜ್ಜಂದಿರು ಎಲ್ಲರೂ ಈ ಮಾತನ್ನು ಬಳಸಿದ್ದಾರೆ. ಮರದ ಗುಣವನ್ನು ನಾವು ಹೀಗೆ ಬಾಯ್ತುಂಬ ಹೊಗಳಿದೆವು. ಆದರೆ ಆ ಕೊಡಲಿಗೂ ಒಂದು ಧರ್ಮವಿರಬೇಕಲ್ಲವೇ ಎಂದು ಕೇಳಿದವರು ಕಡಿಮೆ. ಕೊಡುವವರು ಉದಾರಿಗಳು ಎಂಬ ಕಾರಣಕ್ಕೆ ತೆಗೆದುಕೊಳ್ಳುವವರಿಗೆ ಮಿತಿ ಬೇಡವೇ? ಈ ಬರಹದಲ್ಲಿ ನಾವು ವಿಚಾರ ಮಾಡಬೇಕೆಂದಿರುವುದು ಅದನ್ನೇ.

ಮೊದಲು ಮರದ ವಿಷಯ. ಶ್ರೀಗಂಧ ಮಾವು, ಹಲಸಿನಂತೆ ತನ್ನಷ್ಟಕ್ಕೆ ತಾನೇ ಬದುಕುವ ಮರವಲ್ಲ. ಅದು ಅರೆ ಪರಾವಲಂಬಿ. ಎಲೆಯಲ್ಲಿ ಆಹಾರವನ್ನು ತಾನೇ ತಯಾರಿಸಿಕೊಂಡರೂ, ನೆಲದೊಳಗೆ ಪಕ್ಕದ ಗಿಡಗಳ ಬೇರಿಗೆ ತನ್ನ ಬೇರನ್ನು ಅಂಟಿಸಿ ನೀರನ್ನೂ ಲವಣಗಳನ್ನೂ ಪಡೆಯುತ್ತದೆ. ಆದ್ದರಿಂದ ಗಂಧ ಬೆಳೆಯುವವರು ಪಕ್ಕದಲ್ಲಿ ತೊಗರಿಯನ್ನೋ ಹೊಂಗೆಯನ್ನೋ ಗಾಳಿಮರವನ್ನೋ ಆಸರೆಗೆ ನೆಡುತ್ತಾರೆ. ಪರಿಮಳವಿರುವುದು ಮರದ ನಡುವಿನ ಚೇಗಿನಲ್ಲಿ ಮತ್ತು ಬೇರಿನಲ್ಲಿ ಮಾತ್ರ. ಹೊರಗಿನ ಬಿಳಿ ಮರಕ್ಕೆ ವಾಸನೆಯೇ ಇಲ್ಲ. ಚೇಗು ಕಟ್ಟಲು ಆರಂಭವಾಗುವುದಕ್ಕೇ ಹತ್ತು ಹದಿನೈದು ವರ್ಷ ಬೇಕು. ಒಳ್ಳೆಯ ಎಣ್ಣೆ ಬರಬೇಕಾದರೆ ಮೂವತ್ತು ವರ್ಷವೋ ಇನ್ನೂ ಹೆಚ್ಚೋ ಕಾಯಬೇಕು. ನೂರು ಕಿಲೋ ಚೇಗಿನಿಂದ ಐದಾರು ಕಿಲೋ ಎಣ್ಣೆ ಇಳಿದರೆ ಅದು ಉತ್ತಮವಾದ ಮರ.

ಮಲ್ಲಿಗೆಯ ಹೂವನ್ನು ಬಿಡಿಸಿದರೆ ನಾಳೆ ಮತ್ತೆ ಮೊಗ್ಗು ಬರುತ್ತದೆ. ಗಂಧ ಹಾಗಲ್ಲ. ಬೇರಿನಲ್ಲಿಯೂ ಬೆಲೆಬಾಳುವ ಎಣ್ಣೆ ಇರುವುದರಿಂದ ಅದನ್ನು ಕಡಿಯುವುದಿಲ್ಲ, ಬುಡಸಮೇತ ಕೀಳುತ್ತಾರೆ. ಕೊಡಲಿ ಎಂದು ನಾವು ಹೇಳುತ್ತಿರುವುದು ಮಾತಿನ ರೂಢಿಗೆ. ನಿಜದಲ್ಲಿ ಅಲ್ಲಿ ಉಳಿಯುವುದು ಒಂದು ಗುಂಡಿ. ಒಂದು ತಲೆಮಾರಿನವರು ನೆಟ್ಟಿದ್ದನ್ನು ಇನ್ನೊಂದು ತಲೆಮಾರಿನವರು ಒಂದು ದಿನದಲ್ಲಿ ತೆಗೆಯುತ್ತಾರೆ. ಹೀಗಾಗಿ ಗಂಧದ ವಿಷಯದಲ್ಲಿ 'ಎಷ್ಟು ತೆಗೆಯಬಹುದು' ಎಂಬ ಪ್ರಶ್ನೆಯ ಜೊತೆಗೇ 'ಯಾರು ನೆಟ್ಟರು, ಮುಂದೆ ಯಾರು ನೆಡುತ್ತಾರೆ' ಎಂಬ ಪ್ರಶ್ನೆಯೂ ಬರುತ್ತದೆ.

ನಮ್ಮ ನಾಡಿನ ಚರಿತ್ರೆಯಲ್ಲಿ ಇದಕ್ಕೆ ಒಂದು ದೊಡ್ಡ ಪಾಠವಿದೆ. 1792ರಲ್ಲಿ ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜವೃಕ್ಷವೆಂದು ಘೋಷಿಸಿದನು. ಮರ ಯಾರ ಹೊಲದಲ್ಲಿ ಬೆಳೆದರೂ ಅದು ಅರಸನ ಸೊತ್ತು. ಅವನ ನಂತರ ಬಂದ ಒಡೆಯರ ಆಳ್ವಿಕೆಯಲ್ಲೂ, ಸ್ವಾತಂತ್ರ್ಯಾನಂತರದ ಸರ್ಕಾರಗಳಲ್ಲೂ ಈ ನಿಯಮವೇ ಮುಂದುವರೆಯಿತು. ಮೊದಲ ಮಹಾಯುದ್ಧಕ್ಕೆ ಮುಂಚೆ ಮೈಸೂರಿನ ಗಂಧದ ತುಂಡುಗಳು ಹರಾಜಾಗಿ ಯೂರೋಪಿಗೆ, ವಿಶೇಷವಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. 1914ರ ಯುದ್ಧದಿಂದ ಆ ದಾರಿ ಮುಚ್ಚಿತು. ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ವಿಶ್ವೇಶ್ವರಯ್ಯನವರೂ ಆ ಕಷ್ಟವನ್ನೇ ಅವಕಾಶ ಮಾಡಿಕೊಂಡರು. 1916ರಲ್ಲಿ ಮೈಸೂರು ಸಂಸ್ಥಾನವೇ ಎಣ್ಣೆ ತೆಗೆಯಲು ಆರಂಭಿಸಿತು. 1918ರಲ್ಲಿ ನಮ್ಮೆಲ್ಲರ ಸ್ನಾನದ ಮನೆಗಳಿಗೆ ಪರಿಚಿತವಾದ ಸಾಬೂನು ಬಂತು. ಮೈಸೂರು ಎಂಬ ಹೆಸರು ಪ್ಯಾರಿಸ್ಸಿನ ಸುಗಂಧ ತಯಾರಕರ ಬಾಯಲ್ಲಿ ಶ್ರೇಷ್ಠ ಗಂಧಕ್ಕೆ ಇನ್ನೊಂದು ಹೆಸರಾಯಿತು.

ಈ ಕೀರ್ತಿಯ ಹಿಂದೆ ಒಂದು ಅನ್ಯಾಯವೂ ಬೆಳೆಯುತ್ತಿತ್ತು. ರೈತನ ಹೊಲದಲ್ಲಿ ಹಕ್ಕಿ ಹಾಕಿದ ಬೀಜದಿಂದ ಗಂಧದ ಸಸಿ ಎದ್ದರೆ, ಮರ ಸರ್ಕಾರದ್ದು, ಕಾಯುವ ಹೊಣೆ ಮಾತ್ರ ರೈತನದು. ಕಳುವಾದರೆ ಪೊಲೀಸರು ಬಂದು ಕೇಳುವುದು ಅವನನ್ನೇ. ಅಂಥ ಮರವನ್ನು ಯಾರು ಬೆಳೆಸುತ್ತಾರೆ? ಸಸಿಯಾಗಿರುವಾಗಲೇ ಕಿತ್ತು ಬಿಸಾಡುವುದು ಜಾಣತನವಾಯಿತು. ಒಂದು ಕಡೆ ಕಳ್ಳಸಾಗಣೆ, ಇನ್ನೊಂದು ಕಡೆ 1899ರಲ್ಲಿ ಕೊಡಗಿನಲ್ಲಿ ಮೊದಲು ಗುರುತಿಸಲಾದ ಸ್ಪೈಕ್ ರೋಗ, ಮೂರನೆಯದಾಗಿ ರೈತನ ಈ ನಿರಾಸಕ್ತಿ. ಈ ಮೂರೂ ಸೇರಿ ಕಾಡನ್ನು ಬರಿದು ಮಾಡಿದವು. ಕಳೆದ ಶತಮಾನದ ಮಧ್ಯಭಾಗದಲ್ಲಿ ವರ್ಷಕ್ಕೆ ಸುಮಾರು 4000 ಟನ್ ಇದ್ದ ಭಾರತದ ಗಂಧದ ಇಳುವರಿ, ಮುಂದಿನ ದಶಕಗಳಲ್ಲಿ ಬಹಳಷ್ಟು ಇಳಿಯಿತು. 1998ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಶ್ರೀಗಂಧವನ್ನು ಅಪಾಯದಲ್ಲಿರುವ ಜಾತಿಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ ಸರ್ಕಾರ 2001ರಲ್ಲಿ ಕಾಯಿದೆಯನ್ನು ತಿದ್ದಿ, ಖಾಸಗಿ ಜಮೀನಿನ ಗಂಧ ಜಮೀನಿನ ಒಡೆಯನದೇ ಎಂದಿತು. ಅಂದರೆ ಇನ್ನೂರು ವರ್ಷಕ್ಕೂ ಮಿಕ್ಕಿ, ಮರವನ್ನು ನೆರಳಿನಂತೆ ಕಾಯಬಹುದಾಗಿದ್ದ ಮನುಷ್ಯನನ್ನೇ ನಾವು ಅದರ ಶತ್ರುವನ್ನಾಗಿ ಮಾಡಿದ್ದೆವು.

ಇದೇ ಕಾಲದಲ್ಲಿ ಪಶ್ಚಿಮದ ದೇಶಗಳಲ್ಲಿ ಗಂಧದ ಬಯಕೆ ಹೆಚ್ಚುತ್ತಿತ್ತು. 1989ರಲ್ಲಿ ಫ್ರಾನ್ಸಿನ ಗೆರ್ಲೇನ್ ಸಂಸ್ಥೆ ಹೊರತಂದ ಒಂದು ಪ್ರಸಿದ್ಧ ಸುಗಂಧಕ್ಕೆ ನಮ್ಮ ಸಂಸ್ಕೃತದ ಪದವನ್ನೇ ಹೆಸರಿಟ್ಟರು: ಸಂಸಾರ. ಮಲ್ಲಿಗೆ ಜಾತಿಯ ಹೂವೂ ಧಾರಾಳವಾದ ಗಂಧದೆಣ್ಣೆಯೂ ಅದರ ಜೀವಾಳ. ಹುಟ್ಟು ಸಾವುಗಳ ಚಕ್ರ ಎಂಬ ಅರ್ಥದ ಹೆಸರು ಹೊತ್ತ ಸೀಸೆಯೊಳಗೆ, ಮತ್ತೆ ಹುಟ್ಟಿಬರಲು ಒಂದು ತಲೆಮಾರು ಬೇಕಾದ ಮರದ ಸಾರ. ಇದನ್ನು ನಾವು ವ್ಯಂಗ್ಯಕ್ಕೆ ಹೇಳುತ್ತಿಲ್ಲ. ಆ ಸುಗಂಧವನ್ನು ರಚಿಸಿದವರ ಕಲೆ ದೊಡ್ಡದು. ಕೊಳ್ಳುವವರ ಕಣ್ಣಿಗೆ ಕಾಣುವುದು ಸೀಸೆ ಮಾತ್ರ, ಹಿಂದಿನ ಗುಂಡಿ ಕಾಣುವುದಿಲ್ಲ ಎಂದಷ್ಟೇ ನಮ್ಮ ಮಾತು.

ಇಲ್ಲಿ ನಮ್ಮಲ್ಲಿ ಅನೇಕರು ಹೇಳಬಹುದಾದ ಮಾತೊಂದಿದೆ. "ಅವರು ಭೋಗಕ್ಕೆ ಬಳಸುತ್ತಾರೆ, ನಾವು ದೇವರಿಗೆ ಬಳಸುತ್ತೇವೆ. ಎರಡೂ ಒಂದೇ ಆದೀತೇ?" ಮೇಲುನೋಟಕ್ಕೆ ಸರಿಯಾಗಿ ಕಾಣುವ ಈ ಮಾತನ್ನು ಸ್ವಲ್ಪ ಒರೆಗೆ ಹಚ್ಚಿ ನೋಡೋಣ.

ನಾವಿರುವ ಈ ಪಶ್ಚಿಮ ಆಸ್ಟ್ರೇಲಿಯಾಕ್ಕೂ ಅದರದೇ ಗಂಧದ ಮರವಿದೆ. ಅದು ನಮ್ಮ ಶ್ರೀಗಂಧದ ಹತ್ತಿರದ ನೆಂಟ. ಒಣ ಒಳನಾಡಿನಲ್ಲಿ, ಅಕೇಶಿಯಾ ಗಿಡಗಳ ಆಸರೆಯಲ್ಲಿ ಬೆಳೆಯುತ್ತದೆ. 1840ರ ದಶಕದಲ್ಲಿಯೇ ಇಲ್ಲಿಂದ ಗಂಧ ಹಡಗಿನಲ್ಲಿ ಏಷ್ಯಾಕ್ಕೆ ಹೋಗತೊಡಗಿತು. ಬಡತನದಲ್ಲಿದ್ದ ಆ ವಸಾಹತಿನ ಜೇಬಿಗೆ ಹಣ ತಂದ ಮೊದಲ ರಫ್ತುಗಳಲ್ಲಿ ಗಂಧವೂ ಒಂದು. ಹೆಚ್ಚಿನ ಪಾಲು ಹೋದದ್ದು ಚೀನಾಕ್ಕೆ, ಅಲ್ಲಿನ ದೇವಾಲಯಗಳಲ್ಲಿಯೂ ಮನೆಗಳಲ್ಲಿಯೂ ಹಚ್ಚುವ ಊದುಬತ್ತಿಗೆ. ಊರುಗಳ ಹತ್ತಿರದ ಮರಗಳು ಮುಗಿದಂತೆ ಕಡಿಯುವವರು ಮರುಭೂಮಿಯ ಒಳಕ್ಕೆ ಹೋದರು. 1929ರಲ್ಲಿ ಸರ್ಕಾರ ಕಡಿತಕ್ಕೆ ಮಿತಿ ಹಾಕುವ ಕಾಯಿದೆ ಮಾಡಬೇಕಾಯಿತು. ಆ ಕಾಡನ್ನು ಬರಿದು ಮಾಡಿದ್ದು ಪ್ಯಾರಿಸ್ಸಿನ ಭೋಗವಲ್ಲ, ಏಷ್ಯಾದ ಭಕ್ತಿ. ಊದುಬತ್ತಿ ಹಚ್ಚಿದವರೆಲ್ಲ ಶ್ರದ್ಧಾವಂತರೇ. ಆದರೆ ಮರಕ್ಕೆ ತನ್ನನ್ನು ಕೀಳುವವನ ಹಿಂದೆ ಇರುವುದು ಭಕ್ತಿಯೋ ಭೋಗವೋ ತಿಳಿಯುವುದಿಲ್ಲ. ಗುಂಡಿ ಎರಡಕ್ಕೂ ಒಂದೇ ಆಳ.

ನಮ್ಮ ಧರ್ಮಶಾಸ್ತ್ರವೂ ಈ ವಿಷಯದಲ್ಲಿ ಸಂದೇಹಕ್ಕೆ ಎಡೆಕೊಟ್ಟಿಲ್ಲ. ದಾನವಾಗಲಿ ಪೂಜೆಯಾಗಲಿ, ಬಳಸುವ ದ್ರವ್ಯ ನ್ಯಾಯದಿಂದ ಸಂಪಾದಿಸಿದ್ದಾಗಿರಬೇಕು ಎಂಬುದು ಹಿರಿಯರ ನಿಬಂಧನೆ. ಕದ್ದ ಹೂವಿನಿಂದ ಪೂಜೆ ಮಾಡಿದರೆ ಪುಣ್ಯ ಹೂವಿನ ಒಡೆಯನಿಗೆ ಎಂದು ಹಳ್ಳಿಯಲ್ಲಿ ಮಕ್ಕಳಿಗೂ ಹೇಳುತ್ತಿದ್ದರು. ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಭಗವಂತ ಭಕ್ತನಿಂದ ಬಯಸುವುದು ಒಂದು ಎಲೆ, ಒಂದು ಹೂವು, ಒಂದು ಹಣ್ಣು, ಸ್ವಲ್ಪ ನೀರು. ಶ್ರೀಗಂಧ ಆ ಪಟ್ಟಿಯಲ್ಲಿ ಇಲ್ಲವೆನ್ನುವುದನ್ನು ನಾವು ಗಮನಿಸಬೇಕು. ಮೂರನೆಯ ಅಧ್ಯಾಯದಲ್ಲಿ ಇನ್ನೂ ಕಟುವಾದ ಮಾತಿದೆ: ದೇವತೆಗಳು ಕೊಟ್ಟದ್ದನ್ನು ಅವರಿಗೆ ಮರಳಿ ಕೊಡದೆ ತಾನೇ ಭೋಗಿಸುವವನು ಕಳ್ಳನೇ ಸರಿ. ಇಲ್ಲಿ ತೆಗೆದುಕೊಳ್ಳಬಾರದೆಂದು ಹೇಳಿಲ್ಲ. ಮರಳಿ ಕೊಡದೆ ತೆಗೆದುಕೊಳ್ಳಬಾರದು ಎಂದು ಹೇಳಿದೆ. ಕೊಡಲಿಯ ಧರ್ಮಕ್ಕೆ ಇದಕ್ಕಿಂತ ಒಳ್ಳೆಯ ಸೂತ್ರ ನಮಗೆ ಕಾಣುವುದಿಲ್ಲ.

ಹಾಗಾದರೆ ಮರಳಿ ಕೊಡುವುದು ಎಂದರೇನು? ಸಸಿ ನೆಟ್ಟರೆ ಸಾಕೇ? ಇದಕ್ಕೂ ನಮ್ಮ ರಾಜ್ಯದಲ್ಲಿಯೇ ಒಂದು ಉದಾಹರಣೆಯಿದೆ. ಪರ್ತಿನಿಂದ 3000 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಕಿಂಬರ್ಲಿಯ ಕುನನುರ್ರಾ ಎಂಬ ಊರಿನ ಸುತ್ತ, ಆರ್ಡ್ ನದಿಯ ನೀರಾವರಿಯಲ್ಲಿ ನಮ್ಮ ಮೈಸೂರಿನ ಜಾತಿಯ ಶ್ರೀಗಂಧವನ್ನೇ ಸಾವಿರಾರು ಎಕರೆಗಳಲ್ಲಿ ಬೆಳೆಸಿದರು. ದೊಡ್ಡ ಪ್ರಮಾಣದ ನೆಡುವಿಕೆ 1990ರ ದಶಕದ ಕೊನೆಯಲ್ಲಿ ಆರಂಭವಾಯಿತು, ಮುಂದಿನ ದಶಕದ ನಂತರ ಕೊಯ್ಲೂ ನಡೆಯಿತು. ಕಾಡಿನ ಒಂದು ಮರವನ್ನೂ ಮುಟ್ಟದೆ, ಯಾವ ತೋಟದ ಯಾವ ಸಾಲಿನದು ಎಂದು ಲೆಕ್ಕವಿಟ್ಟು ತೆಗೆದ ಎಣ್ಣೆ ದೊಡ್ಡ ಸುಗಂಧ ಸಂಸ್ಥೆಗಳಿಗೆ ಹೋಯಿತು. ಕಳ್ಳಸಾಗಣೆಯ ಗಂಧಕ್ಕೆ ಹೋಲಿಸಿದರೆ ಇದು ಎಷ್ಟೋ ಮೇಲು.

ಆದರೂ ಎರಡು ಸಂಗತಿಗಳನ್ನು ನೋಡಬೇಕು. ಮೊದಲನೆಯದು, ಆ ನೀರು ಮತ್ತು ನೆಲ. 1970ರ ದಶಕದ ಆರಂಭದಲ್ಲಿ ಆರ್ಡ್ ಅಣೆಕಟ್ಟು ಕಟ್ಟಿದಾಗ ಮುಳುಗಿದ್ದು ಮಿರಿವುಂಗ್ ಮತ್ತು ಗಜೆರಾಂಗ್ ಮೂಲನಿವಾಸಿಗಳ ನೆಲ. ಅವರೊಡನೆ ಸರ್ಕಾರ ಒಪ್ಪಂದಕ್ಕೆ ಬಂದು ಪರಿಹಾರ ಕೊಟ್ಟದ್ದು 2005ರಲ್ಲಿ, ಮೂವತ್ತು ವರ್ಷಗಳ ಮೇಲೆ. ಎರಡನೆಯದು, ಕಾಲ. ಆ ತೋಟಗಳನ್ನು ಬೆಳೆಸಲು ಹೂಡಿಕೆದಾರರ ಹಣ ಬೇಕಾಗಿತ್ತು. ಹೂಡಿದವರಿಗೆ ಹದಿನೈದು ವರ್ಷದೊಳಗೆ ಲಾಭ ಬೇಕಾಗಿತ್ತು. ಅವುಗಳಲ್ಲಿ ಅತಿ ದೊಡ್ಡ ಕಂಪನಿ ಸಾಲದಲ್ಲಿ ಸಿಲುಕಿ 2018ರಲ್ಲಿ ಬೇರೆಯವರ ಆಡಳಿತಕ್ಕೆ ಹೋಯಿತು. ಮೂವತ್ತು ವರ್ಷ ಕಾಯುವ ಮರಕ್ಕೂ ಮೂರು ತಿಂಗಳಿಗೊಮ್ಮೆ ಲೆಕ್ಕ ಕೇಳುವ ಮಾರುಕಟ್ಟೆಗೂ ಜಾತಕ ಕೂಡಿಬರುವುದು ಕಷ್ಟ.

ಇಲ್ಲಿನ ಕಾಡುಗಂಧದ ಕಥೆ ಇನ್ನೂ ಸೂಕ್ಷ್ಮ. ಮರುಭೂಮಿಯಲ್ಲಿ ಅದು ಕೊಯ್ಲಿಗೆ ಬರಲು ನೂರು ವರ್ಷದಷ್ಟು ಹಿಡಿಯುತ್ತದೆ. ಅದರ ಬೀಜವನ್ನು ಮಣ್ಣಿನಲ್ಲಿ ಹೂತಿಡುತ್ತಿದ್ದುದು ವಾಯ್ಲಿ ಎಂಬ, ಮೊಲಕ್ಕಿಂತ ಚಿಕ್ಕದಾದ ಒಂದು ಪ್ರಾಣಿ. ತಿನ್ನಲೆಂದು ಅಲ್ಲಲ್ಲಿ ಬಚ್ಚಿಟ್ಟು ಮರೆತ ಬೀಜಗಳು ಮರಗಳಾಗುತ್ತಿದ್ದವು. ಹೊರಗಿನಿಂದ ತಂದ ನರಿ, ಬೆಕ್ಕುಗಳಿಗೆ ಸಿಕ್ಕಿ ವಾಯ್ಲಿಗಳು ಹೆಚ್ಚಿನ ಕಡೆ ಮಾಯವಾದವು. ಈಗ ಹಳೆಯ ಮರದ ಬುಡದಲ್ಲಿ ಬೀಜ ಬಿದ್ದೇ ಇರುತ್ತದೆ, ಹೂಳುವವರಿಲ್ಲ. ಆದ್ದರಿಂದ ಮರ ತೆಗೆದವರು ವಾಯ್ಲಿಯ ಕೆಲಸವನ್ನೂ ಮಾಡಬೇಕು, ಬೀಜ ಹೂಳಬೇಕು. ಈ ಮರವನ್ನು ದುತ್ಜಾನ್ ಎಂದು ಕರೆಯುವ ಮಾರ್ಟು ಜನರು ಇತ್ತೀಚಿನ ವರ್ಷಗಳಲ್ಲಿ ಅದರ ಕೊಯ್ಲಿನಲ್ಲಿ ಬರೀ ಕೂಲಿಯವರಾಗಿ ಉಳಿಯದೆ, ಎಣ್ಣೆ ತೆಗೆಯುವ ಉದ್ಯಮದಲ್ಲಿ ಪಾಲುದಾರರೂ ಆಗಿದ್ದಾರೆ. ಟಿಪ್ಪುವಿನ ಕಾಲದಿಂದ ನಮ್ಮ ರೈತ ಕಾಯುತ್ತಿದ್ದದ್ದು ಇಂಥ ಪಾಲಿಗಾಗಿಯೇ ಅಲ್ಲವೇ?

ಮರದ ಪ್ರಶ್ನೆ ಇಲ್ಲದ ಕಡೆಯೂ ಮನುಷ್ಯರ ಪ್ರಶ್ನೆ ಇದ್ದೇ ಇರುತ್ತದೆ. ಬೆಲೆಬಾಳುವ ಸುಗಂಧಗಳಿಗೆ ಬೇಕಾದ ಮಲ್ಲಿಗೆಯ ದೊಡ್ಡ ಪಾಲು ಈಜಿಪ್ಟಿನಿಂದಲೂ ನಮ್ಮ ತಮಿಳುನಾಡಿನಿಂದಲೂ ಹೋಗುತ್ತದೆ. ಹೂ ಬಿಡಿಸಿದರೆ ಗಿಡ ಸಾಯುವುದಿಲ್ಲ, ಸರಿ. ಆದರೆ 2024ರಲ್ಲಿ ಬಿಬಿಸಿಯವರ ತನಿಖೆಯೊಂದು ಈಜಿಪ್ಟಿನ ಹೊಲಗಳಲ್ಲಿ ಎಳೆಯ ಮಕ್ಕಳು ರಾತ್ರಿಯೆಲ್ಲ ಎಚ್ಚರವಿದ್ದು ಹೂ ಬಿಡಿಸುವುದನ್ನು ತೋರಿಸಿತು. ಒಂದು ಕಿಲೋ ಮಲ್ಲಿಗೆಗೆ ಸಾವಿರಾರು ಹೂಗಳು ಬೇಕು. ಬೆಲೆ ಕಟ್ಟುವವರು ಎಲ್ಲೋ ದೂರದ ನಗರದಲ್ಲಿರುತ್ತಾರೆ. ಸಿಗುವ ಹಣದಲ್ಲಿ ಸಂಸಾರ ಸಾಗಿಸಲು ಮಕ್ಕಳ ಕೈಯೂ ಬೇಕಾಗುತ್ತದೆ. ಗಿಡ ಹಸಿರಾಗಿದ್ದು ಮಗುವಿನ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿದ್ದರೆ ಆ ಪರಿಮಳವನ್ನು ಶುದ್ಧ ಎನ್ನಲಾಗುವುದಿಲ್ಲ.

"ಇಷ್ಟೆಲ್ಲ ತಾಪತ್ರಯ ಏಕೆ, ಪ್ರಯೋಗಶಾಲೆಯಲ್ಲಿ ಮಾಡಿದ ಸುಗಂಧವನ್ನು ಬಳಸಿದರೆ ಮುಗಿಯಿತು" ಎನ್ನುವವರೂ ಇದ್ದಾರೆ. ಇದರಲ್ಲಿ ಹುರುಳಿದೆ. ಕಸ್ತೂರಿಯನ್ನೇ ನೋಡಿ. ಒಂದು ಕಾಲದಲ್ಲಿ ದೇವರ ತಿಲಕಕ್ಕೆ ಕಸ್ತೂರಿ ಶ್ರೇಷ್ಠವೆನಿಸಿತ್ತು. ಅದಕ್ಕಾಗಿ ಹಿಮಾಲಯದ ಕಸ್ತೂರಿ ಮೃಗವನ್ನು ಕೊಲ್ಲುತ್ತಿದ್ದರು. 1888ರಲ್ಲಿ ಆಲ್ಬರ್ಟ್ ಬೌರ್ ಎಂಬ ರಸಾಯನಶಾಸ್ತ್ರಜ್ಞ ಆಕಸ್ಮಿಕವಾಗಿ ಕೃತಕ ಕಸ್ತೂರಿಯನ್ನು ಕಂಡುಹಿಡಿದ ಮೇಲೆ ಸುಗಂಧೋದ್ಯಮ ಮೆಲ್ಲಮೆಲ್ಲನೆ ಮೃಗವನ್ನು ಬಿಟ್ಟಿತು. ಇಂದು ಹಿಮಾಲಯದ ಕಸ್ತೂರಿ ಮೃಗದ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ನಿಷೇಧವಿದೆ. ನಮ್ಮ ದೇವಾಲಯಗಳಲ್ಲಿ ಬರೀ ಗಂಧ, ಕುಂಕುಮದಿಂದಲೇ ಪೂಜೆ ಸಾಗಿದೆ. ಕಸ್ತೂರಿ ಇಲ್ಲವೆಂದು ದೇವರು ಮುನಿದದ್ದನ್ನು ಯಾರೂ ಕೇಳಿಲ್ಲ. ಹಾಗೆಯೇ ಇಂದು ಅಂಗಡಿಯ ಅಗ್ಗದ ಚಂದನದ ಊದುಬತ್ತಿಯಲ್ಲಿ ನಿಜವಾದ ಚಂದನ ಇರಲಾರದು ಎಂಬುದನ್ನು ಬೆಲೆಯೇ ಹೇಳುತ್ತದೆ.

ಆದರೆ ಕೃತಕವೆಂದರೆ ನಿರ್ದೋಷ ಎಂದೂ ಅಲ್ಲ. ಗಂಧವನ್ನು ಹೋಲುವ ಅನೇಕ ರಾಸಾಯನಿಕಗಳನ್ನು ಮಾಡುವುದು ಪೈನ್ ಮರದ ಟರ್ಪೆಂಟೈನಿನಿಂದ. ಅಲ್ಲಿಯೂ ಹಿಂದೆ ಒಂದು ಕಾಡಿದೆ. ಹಳೆಯ ಕೃತಕ ಕಸ್ತೂರಿಗಳಲ್ಲಿ ಕೆಲವು ನೀರಿನಲ್ಲಿಯೂ ಜೀವಿಗಳ ಮೈಯಲ್ಲಿಯೂ ಕರಗದೆ ಉಳಿಯುತ್ತವೆಂದು ಯೂರೋಪಿನಲ್ಲಿ ಅವುಗಳಿಗೆ ಕಡಿವಾಣ ಬಿತ್ತು. ಇನ್ನೂ ಮುಖ್ಯವಾದ ಮಾತು: ನಾಳೆ ಯಾರೂ ನಿಜವಾದ ಗಂಧವನ್ನು ಕೊಳ್ಳದಿದ್ದರೆ, 2001ರ ನಂತರ ಧೈರ್ಯ ಮಾಡಿ ಕರ್ನಾಟಕದಲ್ಲಿ ಗಂಧ ನೆಟ್ಟ ರೈತನ ಗತಿಯೇನು? ಅವನು ಮರವನ್ನು ಕಿತ್ತು ಬೇರೆ ಬೆಳೆ ಹಾಕುತ್ತಾನೆ. ಬಳಸದೇ ಇದ್ದರೆ ಕಸ್ತೂರಿ ಮೃಗಕ್ಕೆ ಉಳಿಗಾಲ. ಆದರೆ ಗಂಧ ಉಳಿಯುವುದು, ಅದನ್ನು ಬೆಳೆದವನಿಗೆ ನ್ಯಾಯವಾದ ಬೆಲೆ ಸಿಕ್ಕಿದಾಗ. ಎರಡಕ್ಕೂ ಒಂದೇ ನಿಯಮ ಹಾಕಲಾಗುವುದಿಲ್ಲ. ತ್ಯಾಗ ದೊಡ್ಡದು, ಆದರೆ ಎಲ್ಲ ಕಡೆಯೂ ತ್ಯಾಗವೇ ಧರ್ಮವಲ್ಲ. ಕೆಲವು ಕಡೆ ಸರಿಯಾಗಿ ಕೊಳ್ಳುವುದೂ ಧರ್ಮ.

ಆದ್ದರಿಂದ ಕೊಡಲಿಯ ಧರ್ಮವನ್ನು ಮೂರು ಪ್ರಶ್ನೆಗಳಲ್ಲಿ ಹೇಳಬಹುದೆಂದು ನಮಗೆ ತೋರುತ್ತದೆ. ಒಂದು, ಬೆಳೆಯುವ ವೇಗಕ್ಕಿಂತ ಬೇಗ ತೆಗೆಯುತ್ತಿದ್ದೇವೆಯೇ? ಎರಡು, ಬೆಳೆದವರಿಗೆ, ಬಿಡಿಸಿದವರಿಗೆ, ಆ ನೆಲದ ಮೂಲದವರಿಗೆ ಅವರ ಪಾಲು ಸಂದಿದೆಯೇ? ಮೂರು, ಇದು ಎಲ್ಲಿಂದ ಬಂತೆಂದು ಕೊಳ್ಳುವವನು ಕೇಳಿದರೆ ಮಾರುವವನಲ್ಲಿ ಉತ್ತರವಿದೆಯೇ? ಪ್ಯಾರಿಸ್ಸಿನ ಸೀಸೆಗೂ ನಮ್ಮ ದೇವರ ಮನೆಯ ಗಂಧದ ಕೊರಡಿಗೂ ಈ ಮೂರು ಪ್ರಶ್ನೆಗಳು ಒಂದೇ. ಸೀಸೆ ಕೊಳ್ಳುವವರನ್ನು ದೂರುವ ಮೊದಲು ಕೊರಡು ಹಿಡಿದವರು ಉತ್ತರ ಹೇಳಿದರೆ ನಮ್ಮ ಮಾತಿಗೂ ತೂಕ ಬಂದೀತು.

ನಮ್ಮ ಮನೆಗಳಲ್ಲಿ, ನಮ್ಮ ದೇವಾಲಯದಲ್ಲಿ ಮಾಡಬಹುದಾದದ್ದು ದೊಡ್ಡದೇನಲ್ಲ. ಸಾಣೆಕಲ್ಲಿನ ಮೇಲೆ ನಾಲ್ಕು ಹನಿ ನೀರು ಹಾಕಿ ಗಂಧ ತೇಯುವ ಪದ್ಧತಿ ಮಿತವ್ಯಯದ ಪರಮಾವಧಿ. ಅಂಗೈ ಅಗಲದ ಒಂದು ಕೊರಡು ಒಂದು ಸಂಸಾರಕ್ಕೆ ಎಷ್ಟೋ ವರ್ಷ ಬರುತ್ತದೆ. ಅದನ್ನು ಬಿಟ್ಟು ಕಟ್ಟುಗಟ್ಟಲೆ ಬತ್ತಿ ಉರಿಸುವುದು ಭಕ್ತಿಯ ಅಳತೆಯಲ್ಲ. ಊರಿಗೆ ಹೋದಾಗ ಯಾರೋ ಕಡಿಮೆ ಬೆಲೆಗೆ ಕೊಡುತ್ತಾರೆಂದು ಬಿಲ್ಲಿಲ್ಲದ ಗಂಧದ ತುಂಡನ್ನು ತರುವುದು ಬೇಡ. ಸರ್ಕಾರಿ ಮಳಿಗೆಯಲ್ಲಿಯೋ ಲೆಕ್ಕ ಕೊಡುವ ಅಂಗಡಿಯಲ್ಲಿಯೋ ಸ್ವಲ್ಪ ಹೆಚ್ಚು ಕೊಟ್ಟು ಕೊಳ್ಳೋಣ. ಹುಟ್ಟುಹಬ್ಬಕ್ಕೆ ಸುಗಂಧದ ಸೀಸೆ ಕೊಳ್ಳುವ ನಮ್ಮ ಹುಡುಗ ಹುಡುಗಿಯರಿಗೆ ಬೇಡವೆನ್ನಬೇಕಾಗಿಲ್ಲ. ಒಳಗಿರುವ ಗಂಧ, ಮಲ್ಲಿಗೆ, ಲಾವಂಚ ಯಾವ ದೇಶದ್ದು ಎಂದು ಅಂಗಡಿಯಲ್ಲಿ ಕೇಳಲು ಹೇಳಿಕೊಡೋಣ. ಮಾರುವ ಹುಡುಗಿಗೆ ಉತ್ತರ ಗೊತ್ತಿಲ್ಲದಿರಬಹುದು. ಹತ್ತು ಜನ ಕೇಳಿದರೆ ಅವಳು ಮೇಲಿನವರನ್ನು ಕೇಳುತ್ತಾಳೆ.

ಕೊನೆಗೆ ಒಂದು ಮಾತು. ಪರದೇಶದಲ್ಲಿ ಬೇರೂರಿದ ನಮಗೆ ಶ್ರೀಗಂಧದಿಂದ ಕಲಿಯಲು ಇನ್ನೊಂದು ಇದೆ. ಅದು ಪಕ್ಕದವರ ಬೇರಿನಿಂದ ನೀರು ಪಡೆದು ಬೆಳೆಯುತ್ತದೆ. ತೀರಾ ಹೆಚ್ಚು ಹೀರಿದರೆ ಆಸರೆಯ ಗಿಡ ಒಣಗುತ್ತದೆ, ಆಮೇಲೆ ತಾನೂ ಸೊರಗುತ್ತದೆ. ಇದು ಆ ಮರದೊಳಗೇ ಇರುವ ನಿಯಮ, ಯಾವ ಸರ್ಕಾರವೂ ಬರೆದದ್ದಲ್ಲ. ಮರಕ್ಕೆ ತಪ್ಪದ ಮಿತಿ ಅದರ ಪರಿಮಳವನ್ನು ಬಯಸುವವರಿಗೂ ತಪ್ಪುವುದಿಲ್ಲ. ಮುಂದಿನ ಬಾರಿ ದೇವಾಲಯದಲ್ಲಿ ಅರ್ಚಕರು ಅಂಗೈಗೆ ಗಂಧವನ್ನಿಟ್ಟಾಗ, ಅದನ್ನು ಹಣೆಗೆ ಹಚ್ಚಿಕೊಳ್ಳುವ ಮೊದಲು, ಎಲ್ಲೋ ಮೂವತ್ತು ವರ್ಷ ಕಾದ ಒಂದು ಮರವನ್ನೂ ಅದನ್ನು ಕಾಯ್ದ ಒಬ್ಬ ರೈತನನ್ನೂ ಒಂದು ಕ್ಷಣ ನೆನೆಯೋಣ. ಪ್ರಸಾದವೆಂದರೆ ಕೃಪೆ ಎಂದರ್ಥ. ಆ ಕೃಪೆಯಲ್ಲಿ ಅವರ ಪಾಲೂ ಇದೆ.